ಮೋಲ್ಡ್ ಹಾಕಿದ ಬೆಳಕು: ರೆಸಿನ್ ಪೀಠೋಪಕರಣಗಳಿಗೂ ಆಧುನಿಕ ಕಟ್ಟಡಗಳಿಗೂ ಇರುವ ನಂಟು

ಬಿಸಿ ಬೋಂಡ ಕಟ್ಟಿಕೊಟ್ಟ ಪೇಪರನ್ನು ಯಾವತ್ತಾದರೂ ಬೆಳಕಿಗೆ ಹಿಡಿದು ನೋಡಿದ್ದೀರಾ? ಎಣ್ಣೆ ಹೀರಿದ ಜಾಗ ಮಾತ್ರ ಪುಟ್ಟ ಕಿಟಕಿಯ ಹಾಗೆ ಬೆಳಗುತ್ತದೆ. ಅದರ ಹಿಂದೆ ಕೈ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ, ಬೆರಳು ಕಾಣುವುದಿಲ್ಲ. ಪೇಪರಿನ ನಾರುಗಳ ನಡುವೆ ಗಾಳಿ ಇರುತ್ತದೆ. ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ದಾಟುವಾಗೆಲ್ಲ ಬೆಳಕು ದಿಕ್ಕು ತಪ್ಪಿ ಚದುರುತ್ತದೆ. ಒಣ ಪೇಪರ್ ಬೆಳ್ಳಗೆ ಕಾಣುವುದು ಅದಕ್ಕೇ. ಎಣ್ಣೆ ಬಂದು ಆ ಗಾಳಿಯ ಜಾಗ ತುಂಬಿದರೆ ಚದುರುವುದು ಕಡಿಮೆಯಾಗಿ, ಬೆಳಕು ಆಚೆಗೆ ಸಲೀಸಾಗಿ ಹೋಗುತ್ತದೆ.

ಇಂಥದ್ದನ್ನು ಅರೆಪಾರದರ್ಶಕ ಎನ್ನುತ್ತಾರೆ. ಪದ ದೊಡ್ಡದು, ವಿಷಯ ಸುಲಭ. ತಿಳಿ ಗಾಜಿನಲ್ಲಿ ಬೆಳಕೂ ಬರುತ್ತದೆ, ಆಚೆಗಿನ ಚಿತ್ರವೂ ಬರುತ್ತದೆ. ಗೋಡೆಯಲ್ಲಿ ಎರಡೂ ಇಲ್ಲ. ಇವೆರಡರ ನಡುವೆ, ಬೆಳಕು ಬಂದು ಚಿತ್ರ ಬಾರದ ವಸ್ತುಗಳಿವೆ. ಬಚ್ಚಲುಮನೆ ಕಿಟಕಿಯ ಮಬ್ಬು ಗಾಜು, ಕಲ್ಲುಸಕ್ಕರೆ, ಆಗ ತಾನೇ ಸುಲಿದ ತಾಟಿನಿಂಗು. ತಾಟಿನಿಂಗನ್ನು ಬೆರಳಲ್ಲಿ ಹಿಡಿದಾಗ ಬೆಳಕು ಅದರ ಮೇಲೆ ಬಿದ್ದಂತೆ ಅನಿಸುವುದಿಲ್ಲ, ಒಳಗೇ ಕೂತಂತೆ ಅನಿಸುತ್ತದೆ ಅಲ್ವಾ? ಈಗ ಅದೇ ತಾಟಿನಿಂಗು ಒಂದು ಸ್ಟೂಲಿನಷ್ಟು ದೊಡ್ಡದಾಗಿ, ಚೌಕಾಕಾರವಾಗಿ, ತಿಳಿ ಗುಲಾಬಿ ಬಣ್ಣದಲ್ಲಿ ನಿಮ್ಮ ಹಾಲ್‌ನ ಕಿಟಕಿ ಪಕ್ಕ ಕೂತಿದೆ ಎಂದುಕೊಳ್ಳಿ. ನಾನು ಹೇಳಹೊರಟಿರುವುದು ರೆಸಿನ್‌ನಿಂದ, ಅಂದರೆ ಅಚ್ಚಿಗೆ ಸುರಿದು ಗಟ್ಟಿ ಮಾಡುವ ಅಂಟುದ್ರವದಿಂದ, ಮಾಡಿದ ಅಂಥ ವಸ್ತುಗಳ ಬಗ್ಗೆ.

ನಮ್ಮ ಬೆಂಗಳೂರಿನಲ್ಲಿ ರೆಸಿನ್ ಎಂದರೆ ಜನಕ್ಕೆ ಮೊದಲು ನೆನಪಾಗುವುದು ರಿವರ್ ಟೇಬಲ್. ಎರಡು ಮರದ ಹಲಗೆ, ನಡುವೆ ನದಿಯಂತೆ ನೀಲಿ ರೆಸಿನ್. ಅದರಲ್ಲಿ ರೆಸಿನ್ ಮರಕ್ಕೆ ಜೊತೆಗಾರ ಅಷ್ಟೆ. ಇನ್ನೊಂದು ದಾರಿ ಇದೆ. ಅಲ್ಲಿ ಮರವೇ ಇಲ್ಲ, ಇರುವುದು ರೆಸಿನ್ ಮಾತ್ರ. ಚಪ್ಪಡಿಯಂಥ ದಪ್ಪ ಹಲಗೆಗಳು, ಕಂಬದಂಥ ಕಾಲುಗಳು, ನೇರ ಗೆರೆಗಳು. ದೂರದಿಂದ ನೋಡಿದರೆ ಯಾವುದೋ ಕಟ್ಟಡದ ಚಿಕ್ಕ ಮಾದರಿ ಇಟ್ಟಹಾಗಿರುತ್ತದೆ. ಈ ಹೋಲಿಕೆ ಸುಮ್ನೆ ಬಂದದ್ದಲ್ಲ. ಇಪ್ಪತ್ತನೇ ಶತಮಾನದ ವಾಸ್ತುಶಿಲ್ಪಿಗಳು ಎರಡು ವಸ್ತುಗಳಿಗೆ ಮನಸೋತಿದ್ದರು. ಒಂದು ಗಾಜು, ಇನ್ನೊಂದು ಕಾಂಕ್ರೀಟ್. ರೆಸಿನ್‌ನಲ್ಲಿ ಆ ಎರಡೂ ಒಂದಾಗಿವೆ. ಅದನ್ನು ಮಾಡುವುದು ಕಾಂಕ್ರೀಟಿನ ಹಾಗೆ, ಮಾಡಿದ ಮೇಲೆ ಅದು ಬಾಳುವುದು ಗಾಜಿನ ಹಾಗೆ. ಇದೊಂದು ಮಾತು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಬೆಳಕಿಗಾಗಿ ಕಟ್ಟಿದ ಗೋಡೆಗಳು

1914ರಲ್ಲಿ ಜರ್ಮನಿಯ ಕಲೋನ್ ನಗರದ ಒಂದು ಪ್ರದರ್ಶನಕ್ಕಾಗಿ ಬ್ರೂನೋ ಟೌಟ್ ಎಂಬ ವಾಸ್ತುಶಿಲ್ಪಿ ಒಂದು ಗಾಜಿನ ಮಂಟಪ ಕಟ್ಟಿದ. ಬಣ್ಣದ ಗಾಜಿನ ಗುಮ್ಮಟ, ಗಾಜಿನ ಇಟ್ಟಿಗೆಯ ಗೋಡೆ, ಮೆಟ್ಟಿಲು ಕೂಡ ಗಾಜಿನದೇ. ಪ್ರದರ್ಶನ ಮುಗಿದ ಮೇಲೆ ಅದು ಉಳಿಯಲಿಲ್ಲ, ಆದರೆ ಆಸೆ ಉಳಿಯಿತು. ಗೋಡೆ ಎಂದರೆ ಬೆಳಕನ್ನು ತಡೆಯುವುದು ಎಂದು ಅಲ್ಲಿಯವರೆಗೆ ಹೆಚ್ಚಿನವರು ಅಂದುಕೊಂಡಿದ್ದರು. ಗೋಡೆಯೇ ದೀಪವಾಗಬಹುದು ಎಂದು ತೋರಿಸಿದ ಕಟ್ಟಡ ಅದು.

ನನಗೆ ಇದಕ್ಕಿಂತ ಇಷ್ಟವಾದದ್ದು ಪ್ಯಾರಿಸ್‌ನ ಗಾಜಿನ ಮನೆ. ಪಿಯರ್ ಶರೋ ಎಂಬ ಪೀಠೋಪಕರಣ ವಿನ್ಯಾಸಕ, ಡಚ್ ವಾಸ್ತುಶಿಲ್ಪಿ ಬರ್ನಾರ್ಡ್ ಬೈಫೂಟ್ ಜೊತೆ ಸೇರಿ ಒಬ್ಬ ವೈದ್ಯರಿಗಾಗಿ ಕಟ್ಟಿದ ಮನೆ ಅದು. 1932ರಲ್ಲಿ ಮುಗಿಯಿತು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಬೇಕೆಂಬ ಯೋಚನೆ ಇತ್ತು. ಆದರೆ ಮೇಲಿನ ಮಹಡಿಯ ಬಾಡಿಗೆದಾರರು ಖಾಲಿ ಮಾಡಲು ಒಪ್ಪಲಿಲ್ಲ. ಹಾಗಾಗಿ ಅವರ ಮಹಡಿಯನ್ನು ಉಕ್ಕಿನ ಕಂಬಗಳ ಮೇಲೆ ನಿಲ್ಲಿಸಿಕೊಂಡು, ಅದರ ಕೆಳಗೇ ಹೊಸ ಮನೆ ಕಟ್ಟಿದರು! ಮುಂಭಾಗದ ಗೋಡೆ ಪೂರ್ತಿ ಗಾಜಿನ ಇಟ್ಟಿಗೆ. ಬೆಳಕು ಧಾರಾಳವಾಗಿ ಒಳಗೆ ಬರುತ್ತದೆ, ಆದರೆ ಹೊರಗಿನವರಿಗೆ ಒಳಗೇನಿದೆ ಎಂದು ತಿಳಿಯುವುದಿಲ್ಲ. ಕೆಳಗೆ ವೈದ್ಯರ ಕ್ಲಿನಿಕ್ ಇದ್ದ ಮನೆಗೆ ಇದಕ್ಕಿಂತ ಒಪ್ಪುವ ಗೋಡೆ ಇನ್ನೇನಿದೆ? ಅರೆಪಾರದರ್ಶಕದ ಬೆಲೆ ಗೊತ್ತಾಗುವುದೇ ಇಲ್ಲಿ. ತಿಳಿ ಗಾಜು ಎಲ್ಲವನ್ನೂ ಬಯಲಿಗಿಡುತ್ತದೆ, ಮಬ್ಬು ಗಾಜು ಬೆಳಕನ್ನೂ ಕೊಡುತ್ತದೆ, ಮರ್ಯಾದೆಯನ್ನೂ ಕಾಯುತ್ತದೆ.

ಬೆಳಕನ್ನು ಬಿಡಲು ಗಾಜೇ ಆಗಬೇಕೆಂದೂ ಇಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹಳೆಯ, ಅಪರೂಪದ ಪುಸ್ತಕಗಳಿಗಾಗಿಯೇ ಬೈನೆಕಿ ಗ್ರಂಥಾಲಯ ಇದೆ. 1963ರದು, ವಾಸ್ತುಶಿಲ್ಪಿ ಗಾರ್ಡನ್ ಬನ್‌ಶಾಫ್ಟ್. ಹಳೆಯ ಕಾಗದಕ್ಕೆ ಬಿಸಿಲು ಶತ್ರು. ಹಾಗಂತ ಕತ್ತಲೆಯಲ್ಲಿ ಕೂತು ಓದಲಾಗುವುದಿಲ್ಲ. ಅವರು ಹೊರಗೋಡೆಗೆ ಸುಮಾರು 3 ಸೆಂ.ಮೀ. ದಪ್ಪದ ಅಮೃತಶಿಲೆಯ ಹಲಗೆ ಹಾಕಿದರು. ಹೊರಗಿಂದ ನೋಡಿದರೆ ಬರೀ ಕಲ್ಲು. ಒಳಗೆ ಹೋದರೆ ಅದೇ ಕಲ್ಲು ಜೇನಿನ ಬಣ್ಣದಲ್ಲಿ ಬೆಳಗುತ್ತಿರುತ್ತದೆ. ಆಸ್ಟ್ರಿಯಾದ ಬ್ರೆಗೆಂಜ್‌ನಲ್ಲಿ ಪೀಟರ್ ಜುಮ್‌ತೋರ್ 1997ರಲ್ಲಿ ಮುಗಿಸಿದ ಕಲಾ ಸಂಗ್ರಹಾಲಯಕ್ಕೆ ಮಬ್ಬು ಗಾಜಿನ ಹಲಗೆಗಳದೇ ಹೊದಿಕೆ. ಮೋಡ ಬಂದರೆ ಕಟ್ಟಡದ ಮುಖವೇ ಬದಲಾಗುತ್ತದೆ.

ಈ ಕಟ್ಟಡಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಇವುಗಳಲ್ಲಿ ಕುಸುರಿ ಕೆಲಸ ಇಲ್ಲ, ಕೆತ್ತನೆ ಇಲ್ಲ. ಅಲಂಕಾರ ಎಂದರೆ ಬೆಳಕು, ಅಷ್ಟೆ. ರೆಸಿನ್ ಪೀಠೋಪಕರಣ ಮಾಡುವವರು ಕಟ್ಟಡಗಳಿಂದ ಕಲಿತ ಮೊದಲ ಪಾಠ ಇದು.

ಸೆಂಟ್ರಿಂಗ್ ಕೆಲಸ

ಎರಡನೇ ಪಾಠ ಕಾಂಕ್ರೀಟಿನದು. ಮನೆ ಕಟ್ಟಿಸಿದವರಿಗೆಲ್ಲ ಇದು ಗೊತ್ತಿರುತ್ತದೆ. ಛಾವಣಿ ಹಾಕುವ ದಿನವನ್ನು ನಾವು ‘ಮೋಲ್ಡ್ ಹಾಕುವುದು’ ಎನ್ನುತ್ತೇವೆ. ಹಲಗೆ, ಶೀಟು ಕೊಟ್ಟು ಸೆಂಟ್ರಿಂಗ್ ಮಾಡುತ್ತಾರೆ. ಕಂಬಿ ಕಟ್ಟುತ್ತಾರೆ. ಕಾಂಕ್ರೀಟ್ ಸುರಿಯುತ್ತಾರೆ. ಆಮೇಲೆ ನೀರು ಕಟ್ಟಿ ಕ್ಯೂರಿಂಗ್. ದಿನ ಕಳೆದ ಮೇಲೆ ಸೆಂಟ್ರಿಂಗ್ ಬಿಚ್ಚಿದರೆ ಶೀಟಿನ ಅಂಚು, ಹಲಗೆಯ ಗೆರೆ, ಮೊಳೆಯ ತಲೆ ಎಲ್ಲವೂ ಛಾವಣಿಯಲ್ಲಿ ಅಚ್ಚಾಗಿರುತ್ತದೆ. ನಾವು ಪ್ಲಾಸ್ಟರ್ ಮಾಡಿ ಮುಚ್ಚುತ್ತೇವೆ. ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಮುಚ್ಚಲಿಲ್ಲ. 1952ರಲ್ಲಿ ಮುಗಿದ ಫ್ರಾನ್ಸಿನ ಮಾರ್ಸೆಯ ವಸತಿ ಸಮುಚ್ಚಯದಲ್ಲಿ ಹಲಗೆಯ ಗುರುತುಗಳನ್ನು ಹಾಗೇ ಬಿಟ್ಟ. ಸುರಿದು ಮಾಡಿದ ವಸ್ತು ಸುರಿದದ್ದರಂತೆಯೇ ಕಾಣಲಿ ಎಂಬುದು ಅವನ ನಿಲುವು.

ರೆಸಿನ್ ಕೆಲಸವೂ ಇದೇ ಸಾಲಿನದು. ಮೊದಲು ಅಚ್ಚು, ಆಮೇಲೆ ಕಲಸುವುದು, ಸುರಿಯುವುದು, ಕಾಯುವುದು, ಬಿಚ್ಚುವುದು. ಗಟ್ಟಿಯಾಗುವುದಕ್ಕೂ ಅದೇ ಹೆಸರು, ಕ್ಯೂರಿಂಗ್. ಅಚ್ಚಿನ ಒಳಮೈ ಹೇಗಿದೆಯೋ ವಸ್ತುವಿನ ಹೊರಮೈ ಹಾಗೇ ಬರುತ್ತದೆ. ಗಾಜಿನ ಮೇಲೆ ಸುರಿದರೆ ಕನ್ನಡಿಯಂಥ ಮೈ, ಒರಟು ಹಲಗೆ ಮೇಲೆ ಸುರಿದರೆ ಮರದ ನರನರವೂ ಅಚ್ಚು.

ಇನ್ನೂ ಒಂದು ಹೋಲಿಕೆ ಇದೆ. ಇದನ್ನು ಜನ ಜಾಸ್ತಿ ತಪ್ಪು ತಿಳಿಯುತ್ತಾರೆ. ಕಾಂಕ್ರೀಟ್ ‘ಒಣಗಿ’ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನ ಜೊತೆ ರಾಸಾಯನಿಕವಾಗಿ ಬೆರೆತು ಗಟ್ಟಿಯಾಗುತ್ತದೆ. ರೆಸಿನ್ ಕೂಡ ಒಣಗುವುದಿಲ್ಲ. ಎಪಾಕ್ಸಿ ರೆಸಿನ್ ಎರಡು ಡಬ್ಬಿಯಲ್ಲಿ ಬರುತ್ತದೆ. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡ್ನರ್. ರೆಸಿನ್‌ನ ಒಂದೊಂದು ಅಣುವಿನ ತುದಿಗಳಲ್ಲೂ ಪುಟ್ಟ ಉಂಗುರ ಇರುತ್ತದೆ, ಎರಡು ಇಂಗಾಲ ಮತ್ತು ಒಂದು ಆಮ್ಲಜನಕ ಸೇರಿ ಆದದ್ದು. ಬಿಗಿಯಾಗಿ ಬಗ್ಗಿಸಿದ ಬಿದಿರಿನಂತೆ ಆ ಉಂಗುರ ಬಿಚ್ಚಿಕೊಳ್ಳಲು ಕಾದಿರುತ್ತದೆ. ಹಾರ್ಡ್ನರ್ ಬಂದು ಅದನ್ನು ಬಿಡಿಸಿ ಕೈ ಹಿಡಿಯುತ್ತದೆ. ಒಂದು ಹಾರ್ಡ್ನರ್ ಅಣು ಹಲವು ಕೈಗಳನ್ನು ಹಿಡಿಯಬಲ್ಲದು. ಹೀಗೆ ಹಿಡಿಯುತ್ತಾ ಹಿಡಿಯುತ್ತಾ ಇಡೀ ಡಬ್ಬಿಯೇ ಒಂದು ಬಲೆಯಾಗಿಬಿಡುತ್ತದೆ. ಬೇಗ ಆಗಲಿ ಎಂದು ಹಾರ್ಡ್ನರ್ ಜಾಸ್ತಿ ಹಾಕಿದರೆ ಕೆಲಸ ಕೆಡುತ್ತದೆ. ಹಿಡಿಯಲು ಕೈ ಸಿಗದ ಅಣುಗಳು ಹಾಗೇ ಉಳಿದು ಮೈ ಅಂಟಂಟಾಗುತ್ತದೆ. ಹಾಗಾಗಿಯೇ ಇಲ್ಲಿ ತಕ್ಕಡಿ ಬೇಕೇ ಬೇಕು.

ಈ ಬಲೆ ಒಮ್ಮೆ ಹೆಣೆದರೆ ಮುಗಿಯಿತು. ನಮ್ಮ ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗು ಕೂಡ ಒಂದು ರೆಸಿನ್ನೇ, ಅರಗಿನ ಹುಳು ಕೊಡುವ ಸಹಜ ರೆಸಿನ್. ಯಂತ್ರದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅದು ಕರಗಿ ಹರಡುತ್ತದೆ. ತಣ್ಣಗಾದರೆ ಗಟ್ಟಿ, ಮತ್ತೆ ಬಿಸಿ ಮಾಡಿದರೆ ಮತ್ತೆ ಮೆತ್ತಗೆ. ಎಪಾಕ್ಸಿ ಹಾಗೆ ಕರಗುವುದಿಲ್ಲ. ಅರಗು ಬೆಲ್ಲದ ಹಾಗೆ, ಎಷ್ಟು ಸಲ ಬೇಕಾದರೂ ಪಾಕ ಮಾಡಬಹುದು. ಎಪಾಕ್ಸಿ ಇಡ್ಲಿಯ ಹಾಗೆ, ಬೆಂದ ಮೇಲೆ ಹಿಟ್ಟಾಗುವುದಿಲ್ಲ. ಈ ಗುಣದಿಂದ ಬರುವ ಒಂದು ದೊಡ್ಡ ತೊಂದರೆಯನ್ನು ಕೊನೆಗೆ ಹೇಳುತ್ತೇನೆ.

ಕೈ ಸುಟ್ಟ ಒಂದು ಲೀಟರ್

ಕಾಂಕ್ರೀಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ರೆಸಿನ್ ಇನ್ನೂ ಜಾಸ್ತಿ. ಇದನ್ನು ನಾನು ಓದಿ ತಿಳಿದಿದ್ದೆ, ಆದರೆ ಅರ್ಥವಾದದ್ದು ಮಾಡಿದ ಮೇಲೆ.

ಮನೆಯ ತಾರಸಿಯಲ್ಲಿ 10 ಸೆಂ.ಮೀ. ಉದ್ದ, ಅಗಲ, ಎತ್ತರದ ಒಂದು ಘನ ಮಾಡಲು ಹೊರಟೆ. ಲ್ಯಾಮಿನೇಟ್ ಹಲಗೆಯ ಅಚ್ಚು, ಮೂಲೆಗಳಿಗೆ ಸಿಲಿಕೋನ್ ಸೀಲು. ಸರಿಯಾಗಿ ಒಂದು ಲೀಟರ್ ಹಿಡಿಯುತ್ತದೆ. ಅಂಗಡಿಯಲ್ಲಿ ಸಿಕ್ಕ ಎಪಾಕ್ಸಿ ತಂದು, ತೂಗಿ, ನಿಧಾನಕ್ಕೆ ಕಲಸಿ, ಒಂದೇ ಸಲಕ್ಕೆ ಸುರಿದೆ. ಮೊದಲ ಹದಿನೈದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅಚ್ಚಿನ ಹೊರಗಡೆ ಕೈ ಇಟ್ಟರೆ ಬೆಚ್ಚಗಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಮುಟ್ಟಲಾಗದಷ್ಟು ಬಿಸಿ. ಮೇಲಿಂದ ತೆಳುವಾಗಿ ಹೊಗೆ ಬಂತು, ಖಾರವಾದ ವಾಸನೆ. ನೀರಿನಂತೆ ತಿಳಿಯಾಗಿದ್ದದ್ದು ನೋಡನೋಡುತ್ತಲೇ ಹಳದಿಯಾಗಿ, ಒಳಗಿಂದ ಟಪ್ ಎಂದು ಸೀಳಿತು. ಆ ಬಿರುಕು ಒಂದು ಎಲೆಯ ಆಕಾರದಲ್ಲಿ ಘನದ ನಡುವೆ ನಿಂತಿತ್ತು.

ಕಾರಣ ಸರಳ. ನಾನು ತಂದದ್ದು ಮೇಲೆ ತೆಳುವಾಗಿ ಬಳಿಯುವ ಎಪಾಕ್ಸಿ. ಅದು ಬೇಗ ಗಟ್ಟಿಯಾಗುವಂಥದ್ದು. ತೆಳುವಾಗಿ ಹರಡಿದರೆ ಹುಟ್ಟಿದ ಬಿಸಿ ಗಾಳಿಗೆ ಹೋಗುತ್ತದೆ. ಒಂದೇ ಕಡೆ ಗುಡ್ಡೆ ಹಾಕಿದರೆ ನಡುವಿನ ಬಿಸಿಗೆ ಹೊರಹೋಗಲು ದಾರಿ ಇಲ್ಲ, ಯಾಕೆಂದರೆ ರೆಸಿನ್ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಬಿಸಿ ಹೆಚ್ಚಿದಷ್ಟೂ ಕ್ರಿಯೆ ಜೋರಾಗುತ್ತದೆ, ಕ್ರಿಯೆ ಜೋರಾದಷ್ಟೂ ಬಿಸಿ ಹೆಚ್ಚುತ್ತದೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಹೂವರ್ ಅಣೆಕಟ್ಟು ಕಟ್ಟಿದವರಿಗೂ ಇದೇ ಸಮಸ್ಯೆ ಎದುರಾಗಿತ್ತು. ಅಷ್ಟು ಕಾಂಕ್ರೀಟನ್ನು ಒಂದೇ ಸಲ ಸುರಿದರೆ ತಣ್ಣಗಾಗಿ ಬಿರುಕು ಬಿಡುತ್ತದೆ. ಹಾಗಾಗಿ ಬೇರೆ ಬೇರೆ ಬ್ಲಾಕುಗಳಾಗಿ ಸುರಿದು, ಒಳಗೆ ಉಕ್ಕಿನ ಪೈಪುಗಳನ್ನು ಹೂತು ತಣ್ಣೀರು ಹರಿಸಿದರು. ರೆಸಿನ್ ಕೆಲಸದವರು ಮಾಡುವುದೂ ಇದೇ ಉಪಾಯ. ದಪ್ಪ ಎರಕಕ್ಕೆಂದೇ ನಿಧಾನವಾಗಿ ಗಟ್ಟಿಯಾಗುವ ರೆಸಿನ್ ಸಿಗುತ್ತದೆ. ಅದನ್ನು ಪದರ ಪದರವಾಗಿ ಸುರಿಯುತ್ತಾರೆ. ಒಂದು ಪದರದ ಬಿಸಿ ಇಳಿದ ಮೇಲೆ ಇನ್ನೊಂದು. ತೀರಾ ತಡ ಮಾಡಿದರೆ ಎರಡು ಪದರದ ನಡುವೆ ಗೆರೆ ಕಾಣುತ್ತದೆ. ಆ ಸಮಯ ಹಿಡಿಯುವುದೇ ಕಸುಬು.

ಗುಳ್ಳೆಗಳದು ಇನ್ನೊಂದು ಕಥೆ. ಕಲಸುವಾಗ ಗಾಳಿ ಸೇರುತ್ತದೆ. ಕಾಂಕ್ರೀಟಿಗೆ ವೈಬ್ರೇಟರ್ ಹಿಡಿದು ಗಾಳಿ ಬಿಡಿಸುತ್ತಾರಲ್ಲ, ಹಾಗೆ ಇಲ್ಲಿ ವ್ಯಾಕ್ಯೂಮ್ ಡಬ್ಬಿಯಲ್ಲಿಟ್ಟು ಗಾಳಿ ಎಳೆಯುತ್ತಾರೆ. ಹಾಲು ಉಕ್ಕಿದಂತೆ ನೊರೆ ಮೇಲೆದ್ದು ಕುಸಿಯುತ್ತದೆ. ಅದನ್ನು ನೋಡುವುದೇ ಒಂದು ಸಂಭ್ರಮ. ಮಳೆಗಾಲದಲ್ಲಿ ಇನ್ನೊಂದು ಕಾಟ. ಗಾಳಿಯ ತೇವ ಮತ್ತು ಹಾರ್ಡ್ನರ್ ಸೇರಿ ಮೇಲೆ ಮೇಣದಂಥ ಬಿಳಿ ಪೊರೆ ಕಟ್ಟಬಹುದು. ಅದನ್ನು ತೊಳೆದು ತೆಗೆಯದೆ ಮುಂದಿನ ಪದರ ಸುರಿದರೆ ಹಿಡಿಯುವುದಿಲ್ಲ.

ಬಿಚ್ಚಿದ ಮೇಲೆ ಶುರುವಾಗುವುದು ಉಜ್ಜುವ ಕೆಲಸ. ಒರಟು ಎಮರಿ ಪೇಪರ್‌ನಿಂದ ಹಿಡಿದು ನಯವಾದದ್ದರವರೆಗೆ, 120ರಿಂದ 3000ದವರೆಗೆ ನಂಬರ್ ಏರಿಸುತ್ತಾ ನೀರು ಹಾಕಿ ಉಜ್ಜಬೇಕು. ಕೊನೆಗೆ ಪಾಲಿಷ್. ಎಲ್ಲಿ ನಿಲ್ಲಿಸುತ್ತೀರಿ ಎಂಬುದು ಮುಖ್ಯ. 400ರಲ್ಲಿ ನಿಲ್ಲಿಸಿದರೆ ಮೈ ಮಬ್ಬಾಗಿ, ಮಂಜು ಕೂತ ಗಾಜಿನಂತೆ ಇರುತ್ತದೆ. ಕೊನೆಯವರೆಗೆ ಹೋದರೆ ತಿಳಿನೀರು.

ಒಳಗೆ ಸಿಕ್ಕಿಕೊಂಡ ಬೆಳಕು

ಒಂದು ಪ್ಲಾಸ್ಟಿಕ್ ಕುರ್ಚಿಗೂ ಒಂದು ರೆಸಿನ್ ಸ್ಟೂಲಿಗೂ ಕಣ್ಣಿಗೆ ಅಷ್ಟೊಂದು ವ್ಯತ್ಯಾಸ ಯಾಕೆ? ಉತ್ತರ ಇರುವುದು ದಪ್ಪದಲ್ಲಿ.

ಫಿಲ್ಟರ್ ಡಿಕಾಕ್ಷನ್ ನೋಡಿ. ಲೋಟದಲ್ಲಿ ಕಪ್ಪು. ಅದನ್ನೇ ಒಂದು ಚಮಚದಲ್ಲಿ ತೆಗೆದು ಬೆಳಕಿಗೆ ಹಿಡಿದರೆ ಕೆಂಪು. ಬಣ್ಣ ಬದಲಾಗಲಿಲ್ಲ, ಬೆಳಕು ದಾಟಬೇಕಾದ ದೂರ ಬದಲಾಯಿತು. ರೆಸಿನ್‌ಗೆ ಸ್ವಲ್ಪ ಬಣ್ಣ ಹಾಕಿದ್ದೀರಿ, 1 ಸೆಂ.ಮೀ. ದಾಟುವಾಗ ನೂರರಲ್ಲಿ 90 ಭಾಗ ಬೆಳಕು ಉಳಿಯುತ್ತದೆ ಎಂದುಕೊಳ್ಳಿ. ಎರಡನೇ ಸೆಂಟಿಮೀಟರ್‌ನಲ್ಲಿ ಆ 90ರಲ್ಲಿ ಹತ್ತನೇ ಒಂದು ಭಾಗ ಹೋಗಿ 81 ಉಳಿಯುತ್ತದೆ. 5 ಸೆಂ.ಮೀ. ದಾಟಿದಾಗ ಸುಮಾರು 59. 10 ಸೆಂ.ಮೀ.ಗೆ 35. 20 ಸೆಂ.ಮೀ.ಗೆ ಬರೀ 12. ಈಗ 5 ಸೆಂ.ಮೀ. ದಪ್ಪದ, 40 ಸೆಂ.ಮೀ. ಅಗಲದ ಒಂದು ಆಸನ ಯೋಚಿಸಿ. ಮೇಲಿಂದ ನೋಡಿದರೆ ಬೆಳಕು 5 ಸೆಂ.ಮೀ. ದಾಟಿ ಬರುತ್ತದೆ, ತಿಳಿ ಬಣ್ಣ. ಪಕ್ಕದಿಂದ ನೋಡಿದರೆ 40 ಸೆಂ.ಮೀ. ದಾಟಬೇಕು, ಗಾಢ ಬಣ್ಣ. ಒಂದೇ ಡಬ್ಬಿಯ ರೆಸಿನ್, ಆದರೆ ನೀವು ಸುತ್ತ ನಡೆದಂತೆ ಬಣ್ಣ ಬದಲಾಗುತ್ತಾ ಹೋಗುತ್ತದೆ. ಹಾಗಾಗಿ ಈ ವಿನ್ಯಾಸಕರು ಬಣ್ಣ ಬಳಿಯುವುದಿಲ್ಲ, ದಪ್ಪವನ್ನು ಹೆಚ್ಚುಕಡಿಮೆ ಮಾಡಿ ಬಣ್ಣ ಬರೆಯುತ್ತಾರೆ.

ಅಂಚುಗಳು ಹೊಳೆಯುವುದಕ್ಕೆ ಕಾರಣ ಬೇರೆ. ಗಾಳಿಯಿಂದ ರೆಸಿನ್ ಒಳಗೆ ಹೋಗುವಾಗ ಬೆಳಕು ಬಾಗುತ್ತದೆ. ರೆಸಿನ್ ಗಾಜಿನಷ್ಟೇ, ಒಂದು ಚೂರು ಜಾಸ್ತಿಯೇ ಬಾಗಿಸುತ್ತದೆ. ಒಳಗೆ ಹೋದ ಬೆಳಕು ಹೊರಬರಬೇಕಾದರೆ ಮೈಗೆ ಹೆಚ್ಚುಕಡಿಮೆ ನೇರವಾಗಿ ಬಡಿಯಬೇಕು. ನೇರಗೆರೆಯಿಂದ ಸುಮಾರು 40 ಡಿಗ್ರಿಗಿಂತ ಓರೆಯಾಗಿ ಬಡಿದರೆ ಕನ್ನಡಿಗೆ ಬಡಿದಂತೆ ಪೂರ್ತಿ ವಾಪಸ್. ಹೀಗೆ ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಹೋಗಿ ಎಲ್ಲೋ ಒಂದು ಅಂಚಿನಲ್ಲಿ ದಾರಿ ಸಿಕ್ಕಿ ಹೊರಬರುತ್ತದೆ. ಅಕ್ರಿಲಿಕ್ ಬೋರ್ಡಿನ ಅಂಚು ಉರಿಯುವಂತೆ ಕಾಣುವುದೂ ಇದೇ ಕಾರಣಕ್ಕೆ. ಮೈಯನ್ನು ಮಬ್ಬಾಗಿ ಬಿಟ್ಟಿದ್ದರೆ ಆಟ ಬದಲಾಗುತ್ತದೆ. ಮಬ್ಬು ಮೈ ಎಂದರೆ ಲಕ್ಷಾಂತರ ಚಿಕ್ಕಚಿಕ್ಕ ಗೀರುಗಳು. ಒಂದೊಂದು ಗೀರೂ ಬೆಳಕಿಗೆ ಒಂದೊಂದು ಬಾಗಿಲು. ಆಗ ಅಂಚಷ್ಟೇ ಅಲ್ಲ, ಇಡೀ ವಸ್ತುವೇ ಬೆಳಗುತ್ತದೆ.

ಮಯಸಭೆಯಲ್ಲಿ ದುರ್ಯೋಧನ ನೆಲವನ್ನು ನೀರೆಂದುಕೊಂಡ, ನೀರನ್ನು ನೆಲವೆಂದುಕೊಂಡ. ಒಳ್ಳೆಯ ರೆಸಿನ್ ಟೀಪಾಯಿ ಮುಂದೆ ಕೂತಾಗ ನನಗೆ ಆ ಸಭೆ ನೆನಪಾಗುತ್ತದೆ. ಮುಟ್ಟಿ ನೋಡುವವರೆಗೂ ಅದು ಗಟ್ಟಿಯೋ ದ್ರವವೋ ಎಂದು ಕಣ್ಣಿಗೆ ಖಾತ್ರಿಯಾಗುವುದಿಲ್ಲ.

ಯಾರು, ಎಲ್ಲಿ

ರೆಸಿನ್‌ನಲ್ಲಿ ಬೆಳಕನ್ನು ಹಿಡಿಯುವ ಕೆಲಸ ಮೊದಲು ದೊಡ್ಡದಾಗಿ ನಡೆದದ್ದು 1960ರ ದಶಕದ ಲಾಸ್ ಏಂಜಲೀಸ್‌ನಲ್ಲಿ. ಪೀಟರ್ ಅಲೆಕ್ಸಾಂಡರ್ ವಾಸ್ತುಶಿಲ್ಪ ಓದಿದವರು. ಸರ್ಫಿಂಗ್ ಹಲಗೆಗೆ ರೆಸಿನ್ ಬಳಿಯುತ್ತಿದ್ದಾಗ ಕಪ್ಪಿನ ತಳದಲ್ಲಿ ಗಟ್ಟಿಯಾಗಿ ಉಳಿದ ರೆಸಿನ್ ನೋಡಿ ಅವರಿಗೆ ಘನಗಳನ್ನು ಎರಕ ಹೊಯ್ಯುವ ಯೋಚನೆ ಹೊಳೆಯಿತು. ಡಿ ವೇನ್ ವ್ಯಾಲೆಂಟೈನ್ ಇನ್ನೂ ಮುಂದೆ ಹೋದರು. ಬಿರುಕು ಬಿಡದೆ ದೊಡ್ಡದಾಗಿ ಸುರಿಯಬಲ್ಲ ಪಾಲಿಯೆಸ್ಟರ್ ಎಂಬ ಇನ್ನೊಂದು ಬಗೆಯ ರೆಸಿನನ್ನು ಒಂದು ಕಂಪನಿಯ ಜೊತೆ ಸೇರಿ ತಯಾರಿಸಿದರು. 1975–76ರಲ್ಲಿ ಅವರು ಮಾಡಿದ ಬೂದು ಬಣ್ಣದ ಕಂಬ 12 ಅಡಿ ಎತ್ತರ, ಸುಮಾರು ಒಂದೂವರೆ ಟನ್ ತೂಕ. ಇವು ಶಿಲ್ಪಗಳು, ಕೂರುವ ವಸ್ತುಗಳಲ್ಲ. ಆದರೆ ದಾರಿ ಮಾಡಿಕೊಟ್ಟದ್ದು ಇವೇ.

ಶಿಲ್ಪದಿಂದ ಕುರ್ಚಿಗೆ ಬರುವ ದಾರಿಯಲ್ಲಿ ಬ್ರಿಟನ್ನಿನ ರೇಚಲ್ ವೈಟ್‌ರೀಡ್ ಅವರ ಒಂದು ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1993ರಲ್ಲಿ ಅವರು ಲಂಡನ್ನಿನ ಒಂದು ಇಡೀ ಮನೆಯ ಒಳಮೈಗೆಲ್ಲ ಕಾಂಕ್ರೀಟ್ ಎರಚಿ ಗಟ್ಟಿ ಮಾಡಿ, ಹೊರಗೋಡೆ ತೆಗೆದುಬಿಟ್ಟರು. ಉಳಿದದ್ದು ಮನೆಯಲ್ಲ, ಮನೆಯೊಳಗಿನ ಜಾಗ. 1995ರಲ್ಲಿ ನೂರು ಕುರ್ಚಿಗಳ ಕೆಳಗಿನ ಖಾಲಿ ಜಾಗವನ್ನು ಬಣ್ಣ ಬಣ್ಣದ ರೆಸಿನ್‌ನಲ್ಲಿ ಎರಕ ಹೊಯ್ದರು. ಕುರ್ಚಿ ಇಲ್ಲ, ಕುರ್ಚಿಯಡಿಯ ಗಾಳಿ ಗಟ್ಟಿಯಾಗಿ ಬೆಳಕಲ್ಲಿ ಸಾಲಾಗಿ ಕೂತಿದೆ. ವಾಸ್ತುಶಿಲ್ಪದಲ್ಲಿ ಕಟ್ಟುವುದು ಗೋಡೆಯನ್ನಾದರೂ ಬದುಕುವುದು ಗೋಡೆಗಳ ನಡುವಿನ ಜಾಗದಲ್ಲಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ ಎಂದು ನನ್ನ ನಂಬಿಕೆ.

ಜಪಾನಿನ ಶಿರೋ ಕುರಾಮಾತಾ 1988ರಲ್ಲಿ ಮಾಡಿದ ‘ಮಿಸ್ ಬ್ಲಾಂಚ್’ ಕುರ್ಚಿಯಲ್ಲಿ ತಿಳಿ ಅಕ್ರಿಲಿಕ್ ರೆಸಿನ್ ಒಳಗೆ ಕೃತಕ ಗುಲಾಬಿಗಳು ತೇಲುತ್ತವೆ. ಇಟಲಿಯ ಗೇಟಾನೋ ಪೆಶೆ ವಾಸ್ತುಶಿಲ್ಪಿಯಾಗಿ ತರಬೇತಿ ಪಡೆದವರು, 2024ರಲ್ಲಿ ತೀರಿಕೊಂಡರು. ನೇರ ಗೆರೆಗಳ ಆಧುನಿಕ ಕಟ್ಟಡಗಳ ಜೊತೆ ಅವರದು ಜೀವನಪೂರ್ತಿ ಜಗಳ. 1984ರಲ್ಲಿ ಒಂದೇ ಅಚ್ಚಿನಲ್ಲಿ ಒಂಬತ್ತು ಕುರ್ಚಿ ಸುರಿದರು, ಪ್ರತಿಯೊಂದಕ್ಕೂ ರೆಸಿನ್‌ನ ಗಡಸುತನ ಬೇರೆ. ಮೊದಲನೆಯದು ತನ್ನ ಭಾರಕ್ಕೇ ಕುಸಿದು ಬೀಳುವಷ್ಟು ಮೆತ್ತಗೆ, ಕೊನೆಯದು ಕಲ್ಲಿನಂತೆ ಗಟ್ಟಿ. ನಡುವಿನವುಗಳಲ್ಲಿ ಎಲ್ಲೋ ಒಂದು ಕಡೆ ‘ಕುರ್ಚಿ’ ಶುರುವಾಗುತ್ತದೆ. ಆಕಾರ ಒಂದೇ ಸಾಲದು, ವಸ್ತುವೂ ಮಾತಾಡಬೇಕು ಎನ್ನುವುದಕ್ಕೆ ಇಷ್ಟು ಸಾಕು.

ಈಗಿನವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಇಬ್ಬರೂ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ವಿನ್ಯಾಸ ಶಾಲೆಯಲ್ಲಿ ಓದಿದವರು. ದಕ್ಷಿಣ ಕೊರಿಯಾದ ವೊನ್ಮಿನ್ ಪಾರ್ಕ್ ಅವರ ‘ಹೇಜ್’ ಸರಣಿಯ ಕುರ್ಚಿ, ಮೇಜುಗಳು ಚಪ್ಪಡಿ ಮೇಲೆ ಚಪ್ಪಡಿ ಇಟ್ಟಷ್ಟು ಸರಳ. ಹೆಸರೇ ಹೇಳುವಂತೆ ಮಂಜಿನ ಹಾಗೆ ಮಬ್ಬು. ರಾಟರ್‌ಡ್ಯಾಮ್‌ನ ಸಬೀನ್ ಮಾರ್ಸೆಲಿಸ್ ಅವರ ‘ಕ್ಯಾಂಡಿ ಕ್ಯೂಬ್’ ಎಂದರೆ ಒಂದು ರೆಸಿನ್ ಘನ, ಅಷ್ಟೆ. ಸ್ಟೂಲು ಎನ್ನಿ, ಪಕ್ಕದ ಮೇಜು ಎನ್ನಿ. ಅವರು ಕಟ್ಟಡದ ಜೊತೆ ನೇರವಾಗಿಯೇ ಮಾತಾಡಿದ್ದಾರೆ. ವಾಸ್ತುಶಿಲ್ಪಿ ಮೀಸ್ ವ್ಯಾನ್ ಡೆರ್ ರೋ, ವಿನ್ಯಾಸಕಿ ಲಿಲ್ಲಿ ರೈಕ್ ಜೊತೆ ಸೇರಿ 1929ರಲ್ಲಿ ಬಾರ್ಸಿಲೋನಾದಲ್ಲಿ ಕಟ್ಟಿದ ಜರ್ಮನ್ ಮಂಟಪ ಆಧುನಿಕ ವಾಸ್ತುಶಿಲ್ಪದ ಯಾತ್ರಾಸ್ಥಳ ಇದ್ದಂತೆ. ಮರುವರ್ಷವೇ ಅದನ್ನು ಬಿಚ್ಚಿದ್ದರು, 1986ರಲ್ಲಿ ಮತ್ತೆ ಕಟ್ಟಿದರು. 2019ರ ಕೊನೆಯಲ್ಲಿ ಮಾರ್ಸೆಲಿಸ್ ಅದರೊಳಗೆ ಗಾಜು ಮತ್ತು ಟ್ರಾವರ್ಟೈನ್ ಕಲ್ಲಿನ ಪೀಠಗಳು, ದೀಪಗಳು, ಒಂದು ಕಾರಂಜಿ ಇಟ್ಟರು. ಅವು ಆ ಕಟ್ಟಡದ ನೆಲದಿಂದಲೇ ಎದ್ದು ಬಂದಂತೆ ಕಾಣುತ್ತಿದ್ದವು. ಅಲ್ಲಿ ರೆಸಿನ್ ಬಳಸಲಿಲ್ಲ. ಆದರೆ ಅವರ ರೆಸಿನ್ ಘನಗಳು ಎಲ್ಲಿಂದ ಬಂದವು ಎಂದು ತಿಳಿಯಬೇಕಾದರೆ ಆ ಕೆಲಸ ನೋಡಬೇಕು.

ಚಪ್ಪಡಿ ಯಾಕೆ ಇಷ್ಟು ದಪ್ಪ?

ಇವರೆಲ್ಲರ ವಸ್ತುಗಳೂ ದಪ್ಪವಾಗಿಯೇ ಇರುತ್ತವೆ. ಅದು ಚೆಂದಕ್ಕೆ ಮಾತ್ರ ಅಲ್ಲ. ಕಾಂಕ್ರೀಟ್ ಬಾಲ್ಕನಿ ಗೋಡೆಯಿಂದಾಚೆ ಚಾಚಿಕೊಂಡು ನಿಲ್ಲುವುದು ಒಳಗಿನ ಕಂಬಿಯ ಬಲದಿಂದ. ಅರೆಪಾರದರ್ಶಕ ರೆಸಿನ್‌ನಲ್ಲಿ ಕಂಬಿ ಹಾಕಿದರೆ ಎಲುಬಿನಂತೆ ಕಾಣಿಸಿಬಿಡುತ್ತದೆ. ಗಾಜಿಗೆ ಹೋಲಿಸಿದರೆ ರೆಸಿನ್ ತುಂಬಾ ಮೆದು. ಅಷ್ಟೇ ದಪ್ಪದ ಗಾಜಿಗಿಂತ ಇಪ್ಪತ್ತು ಪಟ್ಟು ಜಾಸ್ತಿ ಬಾಗುತ್ತದೆ. ಹಾಗಾಗಿ ತೆಳು ಹಲಗೆ ವರ್ಷಗಳು ಕಳೆದಂತೆ ನಡುವೆ ಜೋಲು ಬೀಳುತ್ತದೆ. ದಪ್ಪ ಕೊಟ್ಟರೆ ತೂಕ ಏರುತ್ತದೆ. 40 ಸೆಂ.ಮೀ.ನ ಗಟ್ಟಿ ಘನ ಎಂದರೆ 64 ಲೀಟರ್ ರೆಸಿನ್, 70 ಕಿಲೋ ಮೇಲೆ. ಒಬ್ಬರೇ ಸರಿಸುವ ಮಾತಿಲ್ಲ. ಅದೇ ಘನ ಗಾಜಿನದಾಗಿದ್ದರೆ 160 ಕಿಲೋ ಆಗುತ್ತಿತ್ತು.

ಬಿಸಿಲು ಇದರ ದೊಡ್ಡ ಶತ್ರು. ಸಾಮಾನ್ಯ ಎಪಾಕ್ಸಿ ಅತಿನೇರಳೆ ಕಿರಣಕ್ಕೆ ಹಳದಿಯಾಗುತ್ತದೆ. ತಡೆಯುವ ಔಷಧ ಬೆರೆಸುತ್ತಾರೆ, ಅದರಿಂದ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಬೆಳಕಿಗಾಗಿಯೇ ಮಾಡಿದ ವಸ್ತುವನ್ನು ನೇರ ಬಿಸಿಲಿನಿಂದ ಕಾಪಾಡಬೇಕು ಎಂಬುದು ನನಗೆ ಬೇಸರದ ವಿಷಯವೇ. ಬಿಸಿಯೂ ಆಗದು. ಕೋಣೆಯ ತಾಪದಲ್ಲೇ ಗಟ್ಟಿಯಾದ ಎಪಾಕ್ಸಿ ಸುಮಾರು 50–60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ. ಒಲೆಯಿಂದ ಇಳಿಸಿದ ಪಾತ್ರೆ ಬಿಡಿ, ಬಿಸಿ ಬಿಸಿ ಕಾಫಿ ಲೋಟ ಕೂಡ ಉಂಗುರದ ಗುರುತು ಬಿಡಬಹುದು. ಗೀರು ಬಿದ್ದರೆ ಚಿಂತೆಯಿಲ್ಲ, ಮತ್ತೆ ಉಜ್ಜಿ ಪಾಲಿಷ್ ಮಾಡಬಹುದು.

ಮಾಡುವವರ ಆರೋಗ್ಯದ ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಪಾಲಿಯೆಸ್ಟರ್ ರೆಸಿನ್‌ನ ಆ ಕಟು ವಾಸನೆ ಸ್ಟೈರೀನ್ ಎಂಬ ರಾಸಾಯನಿಕದ್ದು. ಪೀಟರ್ ಅಲೆಕ್ಸಾಂಡರ್ 1972ರಲ್ಲಿ ರೆಸಿನ್ ಎರಕದ ಕೆಲಸ ಬಿಟ್ಟದ್ದು ಅದು ಮೈಗೆ ವಿಷವಾಗುತ್ತದೆ ಎಂಬ ಕಾರಣಕ್ಕೇ. ಎಪಾಕ್ಸಿ ಹಸಿಯಾಗಿದ್ದಾಗ ಚರ್ಮಕ್ಕೆ ತಾಗುತ್ತಾ ಇದ್ದರೆ ಅಲರ್ಜಿ ಶುರುವಾಗಬಹುದು, ಒಮ್ಮೆ ಬಂದರೆ ಅದು ಹೋಗುವುದು ಕಷ್ಟ. ಗ್ಲೌಸು, ಸರಿಯಾದ ಮಾಸ್ಕು, ಗಾಳಿಯಾಡುವ ಜಾಗ ಇರಲೇಬೇಕು. ಉಜ್ಜುವಾಗ ನೀರು ಹಾಕುವುದು ಹೊಳಪಿಗಷ್ಟೇ ಅಲ್ಲ, ಧೂಳು ಎದೆಗೆ ಹೋಗದಿರಲಿ ಎಂದು. ನಮ್ಮಲ್ಲಿ ಇದನ್ನು ಬರಿಗೈಯಲ್ಲಿ, ಶಟರ್ ಅರ್ಧ ಎಳೆದ ಗೋಡೌನಿನಲ್ಲಿ ಮಾಡುವವರನ್ನು ನಾನು ನೋಡಿದ್ದೇನೆ. ಆ ಹೊಳಪಿನ ಬೆಲೆಯನ್ನು ಅವರ ಶ್ವಾಸಕೋಶ ಕೊಡಬಾರದು.

ಮೊದಲೇ ಹೇಳಿದ ಇಡ್ಲಿಯ ತೊಂದರೆ ಇದು: ಗಟ್ಟಿಯಾದ ಎಪಾಕ್ಸಿಯನ್ನು ಕರಗಿಸಿ ಇನ್ನೊಂದು ವಸ್ತು ಮಾಡಲಾಗುವುದಿಲ್ಲ. ಗಾಜು ಕರಗುತ್ತದೆ, ಉಕ್ಕು ಕರಗುತ್ತದೆ, ಮರ ಮಣ್ಣಾಗುತ್ತದೆ. ಇದು ಹಾಗೇ ಉಳಿಯುತ್ತದೆ. ಆದ್ದರಿಂದ ಎರಡು ವರ್ಷಕ್ಕೆ ಬೇಸರ ಬಂದು ಎಸೆಯುವ ಹಾಗಿದ್ದರೆ ರೆಸಿನ್ ಪೀಠೋಪಕರಣ ಕೊಳ್ಳಲೇಬೇಡಿ. ಮೊಮ್ಮಕ್ಕಳವರೆಗೆ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ ಕೊಳ್ಳಿ.

ಕೊಳ್ಳುವ ಮನಸ್ಸಿದ್ದರೆ ಅಂಗಡಿಯಲ್ಲಿ ಕೆಲವು ವಿಷಯ ಕೇಳಿ. ಯಾವ ರೆಸಿನ್, ಎಷ್ಟು ಪದರದಲ್ಲಿ ಸುರಿದದ್ದು, ಬಿಸಿಲು ತಡೆಯುವ ಅಂಶ ಇದೆಯಾ, ಸುರಿದು ಎಷ್ಟು ದಿನವಾಯಿತು. ಉಗುರಿನಿಂದ ಮೂಲೆಯನ್ನು ಒತ್ತಿ ನೋಡಿ, ಗುರುತು ಉಳಿದರೆ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಮೂಗು ಹತ್ತಿರ ತನ್ನಿ, ವಾಸನೆ ಬರಬಾರದು. ಆಮೇಲೆ ಅಂಗಡಿಯವರಿಗೆ ಹೇಳಿ ಮೇಲಿನ ಎಲ್‌ಇಡಿ ದೀಪಗಳನ್ನೆಲ್ಲ ಆರಿಸಿ. ಆ ಸ್ಟೂಲನ್ನು ಬಾಗಿಲ ಹತ್ತಿರ ಇಟ್ಟು, ಹಿಂದಿನಿಂದ ಬರೀ ಹಗಲಿನ ಬೆಳಕು ಬರುವ ಹಾಗೆ ನಿಂತು ನೋಡಿ. ಸಂಜೆ ನಾಲ್ಕರ ಮೇಲಾದರೆ ಇನ್ನೂ ಒಳ್ಳೆಯದು.